ಮಿಷನ್ ಇಲ್ಲದೆ ಒಂದು ತೋಟದ ಅಂಗಿ

ಕೈಯಲ್ಲಿ ಬಟ್ಟೆ ಹೊಲಿಯೋಣ ಅಂದರೆ ಎಲ್ಲರೂ ಕೇಳುವುದು ಒಂದೇ: ‘ಅಷ್ಟು ಹೊತ್ತು ಯಾರಪ್ಪ ಕೂರೋದು?’ ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಒಂದು ಟೇಪು ಸಾಕು. ನೀವು ಹೊಲಿಯಬೇಕು ಅಂದುಕೊಂಡ ಬಟ್ಟೆಯಲ್ಲಿ ಒಟ್ಟು ಎಷ್ಟು ಇಂಚು ಹೊಲಿಗೆ ಬರುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಹೊಸಬರ ಕೈ ನಿಮಿಷಕ್ಕೆ ಒಂದೂವರೆ ಇಂಚು ಓಡುತ್ತದೆ ಅಂತಿಟ್ಟುಕೊಳ್ಳಿ. ಭಾಗಿಸಿ ನೋಡಿದರೆ ಎಷ್ಟು ಹೊತ್ತು ಕೂರಬೇಕು ಅಂತ ಗೊತ್ತಾಗುತ್ತದೆ.

ಸೀರೆಗೆ ಹಾಕುವ ಮೈಗಂಟುವ ಬ್ಲೌಸಿನಲ್ಲಿ ಟಕ್ಸು, ಪಟ್ಟಿ, ಲೈನಿಂಗು, ಹುಕ್ಕು ಎಲ್ಲ ಸೇರಿ ಹೊಲಿಗೆಯೋ ಹೊಲಿಗೆ. ಅದನ್ನು ಟೈಲರಿಗೇ ಕೊಡಿ, ನನ್ನ ಮಾತು ಕೇಳಿ. ಕೈಗೆ ಒಗ್ಗುವುದು ಬೇರೆ ಥರದ ಬಟ್ಟೆ. ಭುಜದಲ್ಲಿ ಹೊಲಿಗೆ ಬದಲು ಮಡಿಕೆ ಇರಬೇಕು. ತುಂಡುಗಳೆಲ್ಲ ಚೌಕ ಇಲ್ಲವೇ ಉದ್ದುದ್ದ ಇರಬೇಕು. ಮಗ್ಗದಲ್ಲೇ ಬಂದ ಅಂಚನ್ನು ಆದಷ್ಟು ಹಾಗೇ ಉಳಿಸಿಕೊಳ್ಳಬೇಕು, ಆಗ ಅಲ್ಲಿ ಮಡಿಸಿ ಹೊಲಿಯುವ ಕೆಲಸವೇ ಇಲ್ಲ. ಇಷ್ಟು ಹಿಡಿದುಕೊಂಡರೆ ಹೊಲಿಗೆ ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಚಿಕ್ಕಮಗಳೂರು ಕಡೆ ಇದಕ್ಕೆ ಹೇಳಿ ಮಾಡಿಸಿದ ಕಾಲ ಮಳೆಗಾಲ. ಮೂಡಿಗೆರೆ, ಕೊಟ್ಟಿಗೆಹಾರ, ಆಚೆ ಸಕಲೇಶಪುರದವರೆಗೂ ಜೂನ್ ಬಂತು ಅಂದ್ರೆ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋಕಾಗಲ್ಲ. ಮೋಟರ್ ಹಾಕಿಸಿದ ಮಿಷನ್ ಮೂಲೆಯಲ್ಲಿ ಕೂತಿರುತ್ತದೆ. ಸೂಜಿಗೆ ಕರೆಂಟು ಬೇಡ. ಮಧ್ಯಾಹ್ನ ಊಟ ಆದ ಮೇಲೆ ಕಿಟಕಿ ಪಕ್ಕ ಕೂತು ಒಂದೊಂದು ಗಂಟೆ ಹೊಲಿದರೆ, ನವೆಂಬರಿನಲ್ಲಿ ಅರೇಬಿಕಾ ಕಾಫಿ ಕುಯ್ಲು ಶುರುವಾಗುವಷ್ಟರಲ್ಲಿ ಮನೆಮಂದಿಗೆಲ್ಲ ತೋಟದ ಅಂಗಿ ಸಿದ್ಧ.

ತೋಟದ ಅಂಗಿ ಅಂದರೆ ಯಾವುದು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಣ್ಣು ಕುಯ್ಯುವ ಹೆಂಗಸರು ಸೀರೆ ಮೇಲೆ ಗಂಡಸರ ಹಳೇ ತುಂಬುತೋಳಿನ ಶರ್ಟು ಹಾಕಿರುತ್ತಾರಲ್ಲ, ಅದೇ. ಗಿಡದ ರೆಕ್ಕೆ, ಅಂದರೆ ಕೊಂಬೆ, ಗೀಚಬಾರದು, ಚಗಳಿ ಇರುವೆ ತೋಳೊಳಗೆ ನುಗ್ಗಬಾರದು ಅಂತ. ಆದರೆ ಆ ಶರ್ಟು ಹೊಲಿದದ್ದು ಕೈ ಕೆಳಗಿಟ್ಟುಕೊಂಡು ನಿಲ್ಲುವವರಿಗೆ. ದಿನವಿಡೀ ಕೈ ಮೇಲೆತ್ತಿ ರೆಕ್ಕೆ ಬಗ್ಗಿಸುವವರಿಗೆ ಕಂಕುಳಲ್ಲಿ ಎಳೆಯುತ್ತದೆ, ಕೊನೆಗೆ ಅಲ್ಲೇ ಹರಿಯುತ್ತದೆ. ನಾವು ಹೊಲಿಯುವ ಅಂಗಿಯಲ್ಲಿ ಅದಕ್ಕೊಂದು ದಾರಿ ಮಾಡೋಣ.

ಬಟ್ಟೆ ಆರಿಸುವುದು

ಹತ್ತಿ ಬಟ್ಟೆಯೇ ಇರಲಿ. ಕೈಮಗ್ಗದ ಬಟ್ಟೆ, ಖಾದಿ, ತೆಳುವಾದ ಮಲ್ಲು, ಸಾಧಾರಣ ಪಾಪ್ಲಿನ್ ಎಲ್ಲ ನಡೆಯುತ್ತದೆ. ಜಾರ್ಜೆಟ್, ಸ್ಯಾಟಿನ್, ಕ್ರೇಪ್ ಮೊದಲ ಸಲಕ್ಕೆ ಬೇಡವೇ ಬೇಡ. ಕತ್ತರಿ ಇಟ್ಟ ಕಡೆಯಿಂದ ಜಾರುತ್ತವೆ, ಅಂಚು ಬಿಚ್ಚಿಕೊಳ್ಳುತ್ತವೆ. ಜೀನ್ಸ್ ಥರದ ದಪ್ಪ ಬಟ್ಟೆಯೂ ಬೇಡ, ಬೆರಳು ನೋಯುತ್ತದೆ. ಎಂ.ಜಿ. ರಸ್ತೆಯ ಅಂಗಡಿಯಾಗಲಿ, ಹಾಸನದ ಕಸ್ತೂರಬಾ ರಸ್ತೆಯಾಗಲಿ, ಹೋಗುವಾಗ ಪರ್ಸಿನಲ್ಲಿ ಒಂದು ಸೂಜಿ ಇಟ್ಟುಕೊಂಡು ಹೋಗಿ. ತಾನಿನ ಮೂಲೆಯನ್ನು ನಾಲ್ಕು ಪದರ ಮಡಿಸಿ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಆ ಬಟ್ಟೆ ಕೈಹೊಲಿಗೆಗೆ ಆಗುತ್ತದೆ. ಅಂಗಡಿಯವರು ಒಂದು ಥರಾ ನೋಡುತ್ತಾರೆ, ನೋಡಲಿ ಬಿಡಿ.

ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳುವುದನ್ನು ಮರೆಯಬೇಡಿ. ಕೆಲವು ಬಟ್ಟೆ 36 ಇಂಚು, ಬಹಳಷ್ಟು 44 ಇಂಚು, ಕೆಲವು 58 ಇಂಚು ಬರುತ್ತವೆ. ಈ ಅಂಗಿಗೆ 44ರ ಪನ್ನ, ಒಂದೂಮುಕ್ಕಾಲು ಮೀಟರ್ ತಗೊಳ್ಳಿ.

ತಂದ ಬಟ್ಟೆಗೆ ಆವತ್ತೇ ಕತ್ತರಿ ಹಾಕಬೇಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5 ಪಾಲು ಕುಗ್ಗುವುದು ಮಾಮೂಲು. ಮೀಟರಿಗೆ ಎರಡು ಇಂಚಿನವರೆಗೂ ಹೋಗಬಹುದು. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡದೆ ಹಾಗೇ ನೇತುಹಾಕಿ. ಬಣ್ಣ ಬಿಡುತ್ತದೋ ಇಲ್ಲವೋ ಅದೂ ಆಗಲೇ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಬಟ್ಟೆ ಒಣಗುವುದು ಒಂದು ದೊಡ್ಡ ಕಥೆ, ಹಾಗಾಗಿ ಈ ಕೆಲಸ ಮೇ ತಿಂಗಳಲ್ಲೇ ಮುಗಿಸಿಟ್ಟರೆ ಒಳ್ಳೆಯದು. ಕಡೂರು, ಅರಸೀಕೆರೆ ಕಡೆಯವರಿಗೆ ಈ ಚಿಂತೆ ಇಲ್ಲ.

ಒಣಗಿದ ಮೇಲೆ ಬಟ್ಟೆಯ ಕೊನೆಯನ್ನು ನೇರ ಮಾಡಬೇಕು. ಅಂಗಡಿಯಲ್ಲಿ ಕತ್ತರಿಸಿದ್ದು ನೇರ ಇರುವುದು ಅಪರೂಪ. ಒಂದು ತುದಿಯಲ್ಲಿ ಅಂಚಿನ ಹತ್ತಿರ ಸಣ್ಣದಾಗಿ ಕತ್ತರಿಸಿ. ಅಲ್ಲಿ ಕಾಣುವ ಹೊಕ್ಕಿನ ಎಳೆಯೊಂದನ್ನು, ಅಂದರೆ ಅಡ್ಡ ಎಳೆಯನ್ನು, ಸೂಜಿಮೊನೆಯಿಂದ ಮೇಲೆತ್ತಿ, ಉಗುರಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬಟ್ಟೆ ಆ ಎಳೆಯ ಉದ್ದಕ್ಕೂ ಸುಕ್ಕುಗಟ್ಟುತ್ತಾ ಹೋಗುತ್ತದೆ. ಸುಕ್ಕನ್ನು ಬೆರಳಿನಿಂದ ಆಚೆ ಸವರುತ್ತಾ ಎಳೆದರೆ ಎಳೆ ಪೂರ್ತಿ ಹೊರಗೆ ಬಂದು, ಬಟ್ಟೆಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಕತ್ತರಿ ಆ ಸಂದಿನಲ್ಲೇ ಹೋಗಲಿ. ಮಧ್ಯೆ ಎಳೆ ತುಂಡಾದರೆ ಅಲ್ಲಿವರೆಗೆ ಕತ್ತರಿಸಿ, ಪಕ್ಕದ ಎಳೆ ಹಿಡಿದು ಮುಂದುವರಿಸಿ. ಚೌಕದ ತುಂಡುಗಳನ್ನೆಲ್ಲ ಹೀಗೇ ಕತ್ತರಿಸಿದರೆ ಸ್ಕೇಲು, ಚಾಕ್‌ಪೀಸು ಯಾವುದೂ ಬೇಡ, ತಪ್ಪುವ ಮಾತೇ ಇಲ್ಲ.

ಹಳೇ ಪಂಚೆ, ಹಳೇ ಸೀರೆಯಲ್ಲೂ ಹೊಲಿಯಬಹುದು. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಲ್ಲಿ ಹಿಡಿದು ಜಗ್ಗಿ. ‘ಪರ್’ ಅಂದರೆ ಒರಸುವ ಬಟ್ಟೆಗೆ ಹಾಕಿ.

ಸೂಜಿ, ದಾರ

ಸೂಜಿಯ ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ಖಾದಿಗೆ 7, ಪಾಪ್ಲಿನ್ನಿಗೆ 8, ಮಲ್ಲು ಬಟ್ಟೆಗೆ 9 ಅಂತ ಇಟ್ಟುಕೊಳ್ಳಿ. ತೆಳು ಬಟ್ಟೆಗೆ ದಪ್ಪ ಸೂಜಿ ಹಾಕಿದರೆ ಪ್ರತಿ ಹೊಲಿಗೆಯಲ್ಲೂ ತೂತು ಕಾಣುತ್ತದೆ. ಮಳೆಗಾಲದಲ್ಲಿ ಸೂಜಿಗೆ ತುಕ್ಕು ಹಿಡಿಯುತ್ತದೆ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿಡಿ.

ದಾರದ ವಿಷಯದಲ್ಲಿ ನನ್ನ ಪಕ್ಷ ಹೀಗೆ: ದುಡಿಯುವ ಅಂಗಿಗೆ ಪಾಲಿಯೆಸ್ಟರ್ ದಾರ, ಎಳೆ ಮಗುವಿನ ಬಟ್ಟೆಗೆ ಮತ್ತು ಹಳೇ ಬಟ್ಟೆಗೆ ಹತ್ತಿ ದಾರ. ಸವೆದ ಬಟ್ಟೆಗೆ ಗಟ್ಟಿ ದಾರ ಹಾಕಿದರೆ ದಾರ ಉಳಿದು ಬಟ್ಟೆಯೇ ಕುಯ್ದುಕೊಳ್ಳುತ್ತದೆ. ಮಿಷನ್ನಿಗೆ ಹಾಕುವ ರೀಲೇ ಸಾಕು.

ದಾರ ಎಷ್ಟುದ್ದ ತಗೋಬೇಕು? ಒಂದು ಮೊಳ, ಅಂದರೆ 18 ಇಂಚು, ಒಂಟೆಳೆಯಲ್ಲಿ. ಬಾಲಕ್ಕೆ ಒಂದು ಗೇಣು ಜಾಸ್ತಿ ಇದ್ದರೂ ಪರವಾಗಿಲ್ಲ. ಪದೇ ಪದೇ ಸೂಜಿ ಪೋಣಿಸಲು ಬೇಜಾರು ಅಂತ ಮಾರುದ್ದ ದಾರ ಹಾಕಿಕೊಂಡರೆ ಅದು ಗಂಟುಬಿದ್ದು, ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ರೀಲಿನಿಂದ ಮೊದಲು ಹೊರಬಂದ ತುದಿಯನ್ನು ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ಹೀಗೆ ಮಾಡಿದರೆ ದಾರದ ಹುರಿ ಅಷ್ಟಾಗಿ ಬಿಚ್ಚಿಕೊಳ್ಳುವುದಿಲ್ಲ.

ಹತ್ತಿ ದಾರವಾದರೆ ಜೇನುಮೇಣ ಸವರಿ. ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು ಯಾರಾದರೂ ಪರಿಚಯ ಇದ್ದೇ ಇರುತ್ತಾರೆ, ಜೇನುತುಪ್ಪ ತೆಗೆದ ಮೇಲೆ ಉಳಿದ ಮೇಣ ಒಂದು ನೆಲ್ಲಿಕಾಯಿ ಗಾತ್ರ ಕೇಳಿ ತನ್ನಿ. ಮೇಣದುಂಡೆ ಮೇಲೆ ದಾರ ಒತ್ತಿ ಎರಡು ಸಲ ಎಳೆದು, ಬೆರಳ ನಡುವೆ ಜೋರಾಗಿ ಉಜ್ಜಿ. ದಾರ ಗಂಟಾಗುವುದು ನಿಲ್ಲುತ್ತದೆ, ಸವೆತವೂ ಕಮ್ಮಿ. ಇದಕ್ಕೆ ಮೊಂಬತ್ತಿ ಬಳಸಬೇಡಿ. ಇಸ್ತ್ರಿ ಬಿಸಿಗೆ ಕರಗಿ ಬಟ್ಟೆ ಮೇಲೆ ಕಲೆ ಉಳಿಯಬಹುದು.

ಮಧ್ಯದ ಬೆರಳಿಗೆ ಹಾಕುವ ಲೋಹದ ಟೋಪಿ ಸಿಕ್ಕರೆ ತಗೊಳ್ಳಿ. ಮೊದಲ ಅರ್ಧ ಗಂಟೆ ಕಿರಿಕಿರಿ, ಆಮೇಲೆ ಅದಿಲ್ಲದೆ ಆಗುವುದಿಲ್ಲ.

ಬರಬೇಕಾದ ಹೊಲಿಗೆಗಳು

ಮೂರೇ ಮೂರು. ಓಡುಹೊಲಿಗೆ ಎಲ್ಲರಿಗೂ ಗೊತ್ತು: ಸೂಜಿ ಮೇಲೆ ಕೆಳಗೆ ಹೋಗುತ್ತಾ ಸಾಗುವುದು. ಇಂಚಿಗೆ 7–8 ಹೊಲಿಗೆ ಬಂದರೆ ಚೆನ್ನ. ಒಂದೊಂದೇ ಚುಚ್ಚಿ ಎಳೆಯಬೇಡಿ. ಎಡಗೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಸೂಜಿಮೊನೆ ಮೇಲೆ ಮೂರ್ನಾಲ್ಕು ಹೊಲಿಗೆ ಕೂಡಿಸಿಕೊಂಡು ಒಟ್ಟಿಗೆ ಎಳೆಯಿರಿ. ವೇಗ ಬರುವುದು ಇದರಿಂದಲೇ.

ಎರಡನೆಯದು ಹಿಂಹೊಲಿಗೆ. ಒಂದು ಹೆಜ್ಜೆ ಮುಂದೆ ಸೂಜಿ ಮೇಲೆ ತಂದು, ಹಿಂದಿನ ಹೊಲಿಗೆ ಮುಗಿದ ಕಡೆಗೇ ಹಿಂದೆ ಚುಚ್ಚಿ, ಮತ್ತೆ ಮುಂದೆ ಬರುವುದು. ಗಟ್ಟಿ, ಆದರೆ ನಿಧಾನ. ದಾರವೂ ಜಾಸ್ತಿ ತಿನ್ನುತ್ತದೆ. ಎಲ್ಲ ಕಡೆ ಇದನ್ನೇ ಹಾಕಬೇಕು ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನಾಲ್ಕು ಓಡುಹೊಲಿಗೆ, ಒಂದು ಹಿಂಹೊಲಿಗೆ, ಮತ್ತೆ ನಾಲ್ಕು ಓಡುಹೊಲಿಗೆ, ಹೀಗೆ ಹೋದರೆ ಸಾಮಾನ್ಯ ಜೋಡಣೆಗೆ ಬೇಕಾದಷ್ಟಾಯಿತು. ಎಲ್ಲೋ ಒಂದು ಕಡೆ ದಾರ ಹರಿದರೂ ಹಿಂದಿನ ಹಿಂಹೊಲಿಗೆ ತಡೆದು ನಿಲ್ಲಿಸುತ್ತದೆ. ಪೂರ್ತಿ ಹಿಂಹೊಲಿಗೆ ಕಂಕುಳಿಗೆ, ಜೇಬಿನ ಮೂಲೆಗೆ, ಪೈಜಾಮದ ಕಾಲುಗಳು ಸೇರುವ ಕಡೆಗೆ ಮಾತ್ರ.

ಮೂರನೆಯದು ಹೆಮ್ಮಿಂಗ್. ಸೀರೆಗೆ ಫಾಲ್ ಹಚ್ಚಿ ಗೊತ್ತಿದ್ದವರಿಗೆ ಹೇಳಿಕೊಡುವಂಥದ್ದೇನಿಲ್ಲ. ಮಡಿಕೆಯ ಅಂಚಿಗೆ ಓರೆಯಾಗಿ ಚುಚ್ಚಿ, ಆಚೆ ಬದಿಯಲ್ಲಿ ಬಟ್ಟೆಯ ಒಂದೆರಡು ಎಳೆ ಮಾತ್ರ ಹಿಡಿಯುವುದು.

ಜೋಡಿಸಿದ ಮೇಲೆ ಒಳಗೆ ಕಾಣುವ ಹಸಿ ಅಂಚನ್ನು ಹಾಗೇ ಬಿಟ್ಟರೆ ನಾಲ್ಕು ಒಗೆತಕ್ಕೆ ನೂಲು ನೂಲಾಗುತ್ತದೆ. ಮಿಷನ್ನಿನವರು ಓವರ್‌ಲಾಕ್ ಹಾಕುತ್ತಾರೆ. ನಾವು ಮಾಡಬೇಕಾದದ್ದು ಇಷ್ಟು: ಅರ್ಧ ಇಂಚು ಬಿಟ್ಟು ಜೋಡಿಸಿ. ಒಳಗಿನ ಎರಡು ಅಂಚಿನಲ್ಲಿ ಒಂದನ್ನು ಕಾಲು ಇಂಚಿಗಿಂತ ಸ್ವಲ್ಪ ಕಮ್ಮಿಗೆ ಕತ್ತರಿಸಿ. ಉದ್ದ ಇರುವ ಅಂಚನ್ನು ಅದರ ಮೇಲೆ ಹೊದಿಸಿ, ತುದಿ ಒಳಕ್ಕೆ ಮಡಿಸಿ, ಬಟ್ಟೆಗೆ ಒತ್ತಿ ಹೆಮ್ಮಿಂಗ್ ಮಾಡಿ. ಹಸಿ ಅಂಚು ಎಲ್ಲೂ ಹೊರಗೆ ಉಳಿಯುವುದಿಲ್ಲ, ಜೋಡಣೆ ಎರಡು ಪಟ್ಟು ಗಟ್ಟಿ. ಇದನ್ನು ಹೊದಿಕೆ ಹೊಲಿಗೆ ಅಂತ ಕರೆಯೋಣ.

ಮಡಿಕೆ ಒತ್ತಲು ಇಸ್ತ್ರಿ ಪೆಟ್ಟಿಗೆ ಇದ್ದರೆ ಸರಿ. ಕರೆಂಟು ಇಲ್ಲದಿದ್ದರೆ ತಳ ಸಪಾಟಾಗಿರುವ ಸ್ಟೀಲ್ ಪಾತ್ರೆಗೆ ಕುದಿಯುವ ನೀರು ಮುಕ್ಕಾಲು ತುಂಬಿ, ಇಕ್ಕಳದಲ್ಲಿ ಹಿಡಿದು ಮಡಿಕೆ ಮೇಲೆ ಹುಷಾರಾಗಿ ಎಳೆಯಿರಿ. ಹತ್ತಿ ಬಟ್ಟೆಗೆ ಅಷ್ಟು ಬಿಸಿ ಸಾಕು.

ಕೈ ಪಳಗಿಸಲು: ಮಗುವಿನ ಜಬಲ

ಮನೆಯಲ್ಲೋ ನೆಂಟರಲ್ಲೋ ಬಾಣಂತಿ ಇದ್ದರೆ ಮೊದಲು ಜಬಲ, ಅಂದರೆ ಎಳೆ ಮಗುವಿನ ಅಂಗಿ, ಹೊಲಿಯಿರಿ. ಹಳೇ ಮಲ್ಲು ಪಂಚೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಎಷ್ಟೋ ಮನೆಗಳಲ್ಲಿ ಎಳೆ ಮಗುವಿಗೆ ಹೇಗೂ ಹಳೇ ಬಟ್ಟೆಯನ್ನೇ ಹಾಕುತ್ತಾರೆ.

17 ಇಂಚು ಅಗಲ, 24 ಇಂಚು ಉದ್ದದ ತುಂಡು ತಗೊಳ್ಳಿ. ಉದ್ದವನ್ನು ಅರ್ಧಕ್ಕೆ ಮಡಿಸಿ, 17ಕ್ಕೆ 12 ಆಗುತ್ತದೆ. ಮಡಿಕೆಯೇ ಭುಜ. ಕೆಳಗಿನ ಎರಡು ಮೂಲೆಯಿಂದ ಮೂರೂಕಾಲು ಇಂಚು ಅಗಲ, ಏಳೂವರೆ ಇಂಚು ಎತ್ತರದ ತುಂಡು ಕತ್ತರಿಸಿ ತೆಗೆದರೆ ತೋಳೂ ಮೈಯೂ ಒಂದೇ ತುಂಡಿನಲ್ಲಿ ಬಂತು. ಕಂಕುಳಿನ ಮೂಲೆಯನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡಗೆ ಮಾಡಿ. ಭುಜದ ಮಡಿಕೆಯ ನಡುವೆ 4 ಇಂಚು ಅಗಲದ ಕುತ್ತಿಗೆ: ಮುಂದೆ ಒಂದೂವರೆ ಇಂಚು ಆಳ, ಹಿಂದೆ ಅರ್ಧ ಇಂಚು. ಬೆನ್ನಿನ ನಡುವೆ ಮೇಲಿಂದ ಕೆಳಗೆ ಪೂರ್ತಿ ಸೀಳಿ.

ಜೋಡಿಸಬೇಕಾದದ್ದು ಎಡಬಲ ಎರಡೇ ಸಾಲು, ಎರಡೂ ಸೇರಿ 22 ಇಂಚೂ ಆಗುವುದಿಲ್ಲ. ಹೊದಿಕೆ ಹೊಲಿಗೆಯನ್ನು ಹೊರಮೈ ಕಡೆಗೆ ಬರುವಂತೆ ಹಾಕಿ, ಮಗುವಿನ ಮೈಗೆ ಗೀಚುವುದಿಲ್ಲ. ಉಳಿದ ಅಂಚೆಲ್ಲ ಸಣ್ಣಗೆ ಮಡಿಸಿ ಹೆಮ್ಮಿಂಗ್. ಬೆನ್ನಿಗೆ ಅದೇ ಬಟ್ಟೆಯ ಎರಡು ಜೊತೆ ಗಿಡ್ಡ ಲಾಡಿ. ಗುಂಡಿ, ಹುಕ್ಕು, ಪಿನ್ನು ಬೇಡ. ಕುತ್ತಿಗೆ ಹತ್ತಿರ ಉದ್ದ ಲಾಡಿಯೂ ಬೇಡ, ಮಗುವಿಗೆ ಸುತ್ತಿಕೊಳ್ಳುವ ಭಯ.

ತೋಟದ ಅಂಗಿ: ಕತ್ತರಿಸುವುದು

ಕೆಳಗಿನ ಅಳತೆ ಎದೆ ಸುತ್ತು 36 ಇಂಚು ಇರುವವರಿಗೆ. ನಿಮ್ಮ ಅಳತೆ ಬೇರೆಯಾದರೆ ಲೆಕ್ಕ ಹೀಗೆ: ಎದೆ ಸುತ್ತಿಗೆ 8 ಕೂಡಿಸಿ, ಅರ್ಧ ಮಾಡಿ, ಅದಕ್ಕೆ 3 ಸೇರಿಸಿ. 36ಕ್ಕೆ 25 ಬರುತ್ತದೆ. ಸೇರಿಸಿದ 3ರಲ್ಲಿ ಒಂದು ಇಂಚು ಪಕ್ಕದ ಹೊಲಿಗೆಗೆ, ಎರಡು ಇಂಚು ಮುಂದೆ ಸೀಳಿ ಮಡಿಸುವುದಕ್ಕೆ. ಸೀರೆ ಮೇಲೆ ಹಾಕುವ ಅಂಗಿಯಾದ್ದರಿಂದ ತಲೆಯ ಮೇಲಿಂದ ಹಾಕುವಂತೆ ಮಾಡಿದರೆ ಸೆರಗು, ತುರುಬು ಎಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಬಿಚ್ಚುವಂತಿರಲಿ.

ನೆನೆಸಿ ಒಣಗಿಸಿದ ಬಟ್ಟೆಯನ್ನು 63 ಇಂಚು ಉದ್ದಕ್ಕೆ ನೇರ ಮಾಡಿ. ಈಗ ಅಂಚಿಗೆ ಸಮನಾಗಿ ಉದ್ದಕ್ಕೆ ಎರಡು ಪಟ್ಟಿಯಾಗಿ ಸೀಳಿ. ಒಂದು 25 ಇಂಚು ಅಗಲ, ಅದು ಮೈ. ಇನ್ನೊಂದು 19 ಇಂಚು ಅಗಲ ಉಳಿಯುತ್ತದೆ. ಪನ್ನ ಕುಗ್ಗಿ 43 ಆಗಿದ್ದರೆ 18 ಉಳಿಯುತ್ತದೆ, ಅಷ್ಟಕ್ಕೇ ತೋಳು ಮಾಡಿ, ಪರವಾಗಿಲ್ಲ.

ಈ ಎರಡನೇ ಪಟ್ಟಿಯಲ್ಲಿ ಉದ್ದದ ಕಡೆ 18 ಇಂಚಿನ ಎರಡು ತುಂಡು ತೆಗೆಯಿರಿ. ಇವೇ ತೋಳು. ಪಟ್ಟಿಯ ಒಂದು ಬದಿಗೆ ಮಗ್ಗದ ಅಂಚು ಇದೆಯಲ್ಲ, ಅದು ಮಣಿಕಟ್ಟಿನ ಕಡೆ ಬರಲಿ. ಎರಡು ಮಣಿಕಟ್ಟಿನ ಹೆಮ್ಮಿಂಗ್ ಕೆಲಸ ಅಲ್ಲಿಗೆ ತಪ್ಪಿತು. ತೋಳು ಉದ್ದ ಅನ್ನಿಸಿದರೆ ಭುಜದ ಕಡೆಯಿಂದಲೇ ಕತ್ತರಿಸಿ, ಅಂಚಿಗೆ ಕೈ ಹಚ್ಚಬೇಡಿ.

ಉಳಿದ 27 ಇಂಚಿನಲ್ಲಿ ಏನೇನು ಬೇಕು: ಕಂಕುಳಿಗೆ ನಾಲ್ಕೂವರೆ ಇಂಚಿನ ಎರಡು ಚೌಕ. ಕುತ್ತಿಗೆಗೆ ಒಂದೂಕಾಲು ಇಂಚು ಅಗಲ, 20 ಇಂಚು ಉದ್ದದ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿ ಓರೆಯಾಗಿ ಕತ್ತರಿಸಿದ್ದು. ಲಾಡಿಗೆ ಒಂದೂವರೆ ಇಂಚು ಅಗಲ, 9 ಇಂಚು ಉದ್ದದ ಆರು ತುಂಡು. ಬಟ್ಟೆ ಉಳಿದರೆ ಜೇಬು. ಮೊದಲು ಕ್ರಾಸ್ ಪಟ್ಟಿ ತೆಗೆಯಿರಿ, ಅದಕ್ಕೇ ಜಾಗ ಜಾಸ್ತಿ ಬೇಕು.

ಒಟ್ಟು ಹೊಲಿಗೆಯ ಲೆಕ್ಕ ಈಗಲೇ ಹಾಕಿಬಿಡೋಣ. ತೋಳು, ಕಂಕುಳು, ಪಕ್ಕ ಜೋಡಿಸುವುದು 115 ಇಂಚು. ಅವುಗಳ ಹೊದಿಕೆ ಮತ್ತೆ 115. ಮುಂದಿನ ಸೀಳು, ಕುತ್ತಿಗೆ, ಕೆಳ ಅಂಚು, ಪಕ್ಕದ ಸೀಳು ಎಲ್ಲ ಸೇರಿ 160. ಒಟ್ಟು 390 ಇಂಚು, ಹತ್ತು ಮೀಟರಿಗೆ ಒಂದಿಷ್ಟು ಕಮ್ಮಿ. ನಿಮಿಷಕ್ಕೆ ಒಂದೂವರೆ ಇಂಚಿನಂತೆ 4 ಗಂಟೆ 20 ನಿಮಿಷ. ಕತ್ತರಿಸುವುದು, ಸೂಜಿ ಪೋಣಿಸುವುದು, ಲಾಡಿ, ಜೇಬು ಅಂತ ಇನ್ನೊಂದೆರಡು ಗಂಟೆ ಇಟ್ಟುಕೊಳ್ಳಿ. ದಿನಕ್ಕೊಂದು ಗಂಟೆ ಕೂತರೆ ವಾರದಲ್ಲಿ ಮುಗಿಯಿತು.

ಹೊಲಿಯುವ ಕ್ರಮ

ಬಟ್ಟೆ ಸಪಾಟಾಗಿ ಹಾಸಿ ಇರುವಾಗಲೇ ಕುತ್ತಿಗೆ ಕೆಲಸ ಮುಗಿಸಬೇಕು. ತೋಳು ಹಚ್ಚಿದ ಮೇಲೆ ಮಾಡಲು ಹೋದರೆ ಇಡೀ ಅಂಗಿ ತೊಡೆ ಮೇಲೆ ಹೊತ್ತು ಕೂರಬೇಕು.

1. ಮೈಯ ತುಂಡನ್ನು ಉದ್ದಕ್ಕೆ ಅರ್ಧ ಮಡಿಸಿ ಭುಜದ ಗೆರೆ ಒತ್ತಿ. ಅಗಲಕ್ಕೂ ಅರ್ಧ ಮಡಿಸಿ ನಡುಗೆರೆ ಒತ್ತಿ. ಎರಡು ಗೆರೆ ಸೇರುವ ಕಡೆ ಕುತ್ತಿಗೆ. ಅಗಲ 6 ಇಂಚು, ಹಿಂದೆ 1 ಇಂಚು ಆಳ, ಮುಂದೆ 3 ಇಂಚು. ನೋಡಲು ಚಿಕ್ಕದು ಅನ್ನಿಸುತ್ತದೆ. ಅನ್ನಿಸಲಿ, ದೊಡ್ಡದು ಮಾಡುವುದು ಒಂದು ಕತ್ತರಿ ಏಟಿನ ಕೆಲಸ, ದೊಡ್ಡದಾದ ಕುತ್ತಿಗೆಗೆ ಮದ್ದಿಲ್ಲ. ಮುಂದಿನ ನಡುಗೆರೆಯನ್ನು ಕೆಳಗಿನವರೆಗೂ ಸೀಳಿ.

2. ಸೀಳಿದ ಎರಡೂ ಅಂಚನ್ನು ಮೊದಲು ಕಾಲು ಇಂಚು, ಮತ್ತೆ ಮುಕ್ಕಾಲು ಇಂಚು ಒಳಕ್ಕೆ ಮಡಿಸಿ ಹೆಮ್ಮಿಂಗ್ ಮಾಡಿ. ಆಮೇಲೆ ಕುತ್ತಿಗೆಗೆ ಕ್ರಾಸ್ ಪಟ್ಟಿ. ಪಟ್ಟಿಯ ಮುಖ, ಅಂಗಿಯ ಮುಖ ಒಂದಕ್ಕೊಂದು ತಾಗುವಂತೆ ಇಟ್ಟು ಕಾಲು ಇಂಚಿನಲ್ಲಿ ಹಿಂಹೊಲಿಗೆ ಹಾಕಿ. ತಿರುವಿನಲ್ಲಿ ಪಟ್ಟಿಯನ್ನು ಚೂರು ಎಳೆದು ಹಿಡಿಯಿರಿ, ಇಲ್ಲದಿದ್ದರೆ ಕುತ್ತಿಗೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಪಟ್ಟಿಯನ್ನು ಒಳಕ್ಕೆ ತಿರುಗಿಸಿ, ತುದಿ ಮಡಿಸಿ ಹೆಮ್ಮಿಂಗ್.

3. ತೋಳಿನ 18 ಇಂಚಿನ ಬದಿಯ ನಡುವನ್ನು ಭುಜದ ಗೆರೆಗೆ ಕೂಡಿಸಿ ಪಿನ್ನು ಚುಚ್ಚಿ. ಅಲ್ಲಿಂದ ಎರಡೂ ಕಡೆಗೆ ಹೊಲಿಯಿರಿ. ಆದರೆ ಎರಡೂ ತುದಿಯಲ್ಲಿ ಕೊನೆಯ ಅರ್ಧ ಇಂಚು ಹೊಲಿಯದೆ ಬಿಡಿ. ಈ ಅರ್ಧ ಇಂಚು ಮರೆತರೆ ಮುಂದಿನ ಹೆಜ್ಜೆ ಕೂರುವುದಿಲ್ಲ. ಹೊದಿಕೆಯೂ ಅಲ್ಲಿಗೇ ನಿಲ್ಲಲಿ.

4. ಈಗ ಕಂಕುಳು. ಇಡೀ ಅಂಗಿಯ ಜೀವ ಇರುವುದೇ ಈ ಪುಟ್ಟ ಚೌಕದಲ್ಲಿ, ಹಾಗಾಗಿ ಅವಸರ ಬೇಡ. ಚೌಕದ ಹಿಂಬದಿಯಲ್ಲಿ ಸುತ್ತ ಅರ್ಧ ಇಂಚು ಬಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಗಳು ಸೇರುವ ನಾಲ್ಕು ಮೂಲೆಗೂ ಚುಕ್ಕೆ ಇಡಿ. ಅಂಗಿಯನ್ನು ಹರಡಿ ನೋಡಿ. ಮುಂಭಾಗದಲ್ಲಿ ತೋಳಿನ ಕೆಳ ಅಂಚು, ಮೈಯ ಪಕ್ಕದ ಅಂಚು ಸೇರಿ ಒಂದು ಮೂಲೆ ಆಗಿದೆಯಲ್ಲ, ಚೌಕದ ಒಂದು ಚುಕ್ಕೆ ಸರಿಯಾಗಿ ಅಲ್ಲಿ ಕೂರಬೇಕು. ಆ ಚುಕ್ಕೆಯಿಂದ ಚೌಕದ ಒಂದು ಬದಿಯನ್ನು ತೋಳಿನ ಅಂಚಿಗೆ ಹಿಂಹೊಲಿಗೆಯಲ್ಲಿ ಹೊಲಿದು ಮುಂದಿನ ಚುಕ್ಕೆಗೆ ಗಂಟು ಹಾಕಿ ನಿಲ್ಲಿಸಿ. ಮತ್ತೆ ಅದೇ ಮೂಲೆ ಚುಕ್ಕೆಯಿಂದ ಚೌಕದ ಇನ್ನೊಂದು ಬದಿಯನ್ನು ಮೈಯ ಪಕ್ಕದ ಅಂಚಿಗೆ ಹೊಲಿಯಿರಿ. ಮುಂಭಾಗ ಆಯಿತು.

ಅಂಗಿಯನ್ನು ಭುಜದಲ್ಲಿ ಒಳಮಗ್ಗಲಾಗಿ ಮಡಿಸಿ. ಚೌಕದ ಎದುರು ಚುಕ್ಕೆ ಬೆನ್ನಿನ ಕಡೆಯ ಮೂಲೆಯಲ್ಲಿ ಕೂರುತ್ತದೆ. ಅಲ್ಲಿಯೂ ಹಾಗೇ: ಒಂದು ಬದಿ ತೋಳಿಗೆ, ಒಂದು ಬದಿ ಮೈಗೆ. ಚುಕ್ಕೆ ದಾಟಿ ಒಂದು ಹೊಲಿಗೆಯೂ ಹೋಗಬಾರದು. ದಾಟಿದರೆ ಆ ಮೂಲೆಯಲ್ಲಿ ಚಿಕ್ಕ ಸುಕ್ಕು ನಿಲ್ಲುತ್ತದೆ. ಅದಾದರೂ ಭಯವಿಲ್ಲ, ಆ ಒಂದೆರಡು ಹೊಲಿಗೆ ಬಿಚ್ಚಿ ಹಾಕಿದರೆ ಸರಿಹೋಗುತ್ತದೆ. ಮುಗಿದ ಮೇಲೆ ತೋಳನ್ನು ಮೇಲೆತ್ತಿ ನೋಡಿ. ಚೌಕ ವಜ್ರದ ಆಕಾರದಲ್ಲಿ ಬಿಚ್ಚಿಕೊಳ್ಳುತ್ತದೆ. ಅದರ ಓರೆ ನೇಯ್ಗೆ ಹಿಗ್ಗಿ ಕೊಡುತ್ತದೆ, ಅಂಗಿ ಸೊಂಟದಿಂದ ಮೇಲೇಳುವುದಿಲ್ಲ. ಅಂಗಡಿಯ ಶರ್ಟಿನಲ್ಲಿ ಇದು ಇರುವುದಿಲ್ಲ, ಬಟ್ಟೆಯೂ ಸಮಯವೂ ಜಾಸ್ತಿ ಬೇಕು ನೋಡಿ.

5. ಚೌಕದ ತುದಿಯಿಂದ ಮಣಿಕಟ್ಟಿನವರೆಗೆ ತೋಳಿನ ಕೆಳಗೆ ಹೊಲಿಯಿರಿ. ನೇರ ಹೊಲಿದರೆ ಮಣಿಕಟ್ಟು ಲೂಸಾಗಿ ಇರುವೆಗೆ ಹೆದ್ದಾರಿ. ಮಣಿಕಟ್ಟಿಗೆ ಬರುವಾಗ ಸುತ್ತು 10 ಇಂಚು ಉಳಿಯುವಂತೆ ಓರೆಯಾಗಿ ಹೊಲಿದು, ಹೆಚ್ಚಾದ ಬಟ್ಟೆ ಕತ್ತರಿಸಿ. ನಿಮ್ಮ ಮುಷ್ಟಿ ನುಗ್ಗುತ್ತದೋ ನೋಡಿಕೊಂಡೇ ಕತ್ತರಿ ಹಾಕಿ. ಆಮೇಲೆ ಚೌಕದ ಕೆಳ ತುದಿಯಿಂದ ಪಕ್ಕದ ಹೊಲಿಗೆ, 12 ಇಂಚು. ಕೆಳಗಿನ 6 ಇಂಚು ಸೀಳಾಗಿ ಬಿಡಿ, ಬಗ್ಗಿ ಏಳುವಾಗ ಸೀರೆ ನೆರಿಗೆಗೆ ಜಾಗ ಬೇಕು. ಪಕ್ಕದ ಒಂದು ಹೊಲಿಗೆಯಲ್ಲಿ ಮಗ್ಗದ ಅಂಚು ಬರುತ್ತದೆ. ಅಲ್ಲಿ ಆ ಅಂಚೇ ಮೇಲೆ ಬರುವಂತೆ ಹೊದಿಸಿದರೆ ತುದಿ ಮಡಿಸುವ ಕೆಲಸ ಇಲ್ಲ.

6. ಸೀಳಿನ ಅಂಚು, ಕೆಳ ಅಂಚು ಮಡಿಸಿ ಹೆಮ್ಮಿಂಗ್. ಸೀಳಿನ ತಲೆಯಲ್ಲಿ ಒಂದೇ ಜಾಗದಲ್ಲಿ ನಾಲ್ಕು ಹೊಲಿಗೆ ಹಾಕಿ ಬಿಗಿ ಮಾಡಿ. ಲಾಡಿಗಳನ್ನು ನಾಲ್ಕು ಮಡಿಕೆ ಮಾಡಿ ಓಡುಹೊಲಿಗೆ ಓಡಿಸಿ, ಎದೆಯಿಂದ ಸೊಂಟದವರೆಗೆ ಮೂರು ಜೊತೆ ಹಚ್ಚಿ. ಕಾಜ ಮಾಡಲು ಬರುವವರು ಗುಂಡಿ ಇಡಬಹುದು. ಆದರೆ ಚಳಿಗೆ ಮರಗಟ್ಟಿದ ಬೆರಳಿಗೆ ಗುಂಡಿಗಿಂತ ಲಾಡಿ ಸಲೀಸು.

ಜೇಬು ಸೊಂಟದ ಕೆಳಗೆ ಬೇಡ. ಹಣ್ಣು ತುಂಬುವ ಕುಕ್ಕೆ ಅಲ್ಲೇ ಕಟ್ಟುವುದು, ಒಳಗಿಟ್ಟ ಮೊಬೈಲ್ ತೆಗೆಯಲಾಗುವುದಿಲ್ಲ. ಎಡ ಎದೆಯ ಮೇಲೆ ಇರಲಿ.

ಗಂಡಸರಿಗಾದರೆ, ಮಕ್ಕಳಿಗಾದರೆ

ಗಂಡಸರಿಗೆ ಮುಂದೆ ಪೂರ್ತಿ ಸೀಳುವುದು ಬೇಡ. 5 ಇಂಚು ಸೀಳಿದರೆ ಸಾಕು, ಜುಬ್ಬದ ಹಾಗೆ ತಲೆಯ ಮೇಲಿಂದ ಹಾಕಬಹುದು. ಆಗ ಲೆಕ್ಕದಲ್ಲಿ 3ರ ಬದಲು 1 ಸೇರಿಸಿ. ಎದೆ ಸುತ್ತು 44 ಇಂಚು ದಾಟಿದವರಿಗೆ 44ರ ಪನ್ನದಲ್ಲಿ ತೋಳು ಗಿಡ್ಡವಾಗುತ್ತದೆ, 58ರ ಪನ್ನ ತಗೊಳ್ಳಿ.

ಹುಡುಗಿಯರ ಲಂಗ ಇದಕ್ಕಿಂತ ಸುಲಭ. ಅಂಚಿರುವ ಹಳೇ ಸೀರೆಯಿಂದ ಸೊಂಟದ ಸುತ್ತಿನ ಮೂರರಷ್ಟು ಉದ್ದ ತೆಗೆದು, ಸೀರೆಯ ಅಂಚೇ ಕೆಳಗೆ ಬರುವಂತೆ ಇಟ್ಟರೆ ಜೋಡಿಸುವುದು ಒಂದೇ ಪಕ್ಕ. ಮೇಲೆ ಒಂದೂವರೆ ಇಂಚು ಮಡಿಸಿ ಲಾಡಿಗೆ ಕೊಳವೆ ಬಿಡಿ. ಬೆಳೆಯುವ ಮಗುವಾದರೆ ಮೇಲಿನ ಮಡಿಕೆಯಲ್ಲೇ ಮೂರ್ನಾಲ್ಕು ಇಂಚು ಬಟ್ಟೆ ಬಚ್ಚಿಟ್ಟು ಹೊಲಿಯಿರಿ, ಬರುವ ವರ್ಷ ಬಿಚ್ಚಿ ಇಳಿಸಬಹುದು.

ಪೈಜಾಮ ಮಾತ್ರ ಈ ಅಂಗಿ ಮುಗಿದ ಮೇಲೆ. ಕಾಲುಗಳು ಸೇರುವ ಕಡೆಯ ಹೊಲಿಗೆ ಮೇಲೆ ಬೀಳುವ ಭಾರ ಬಹಳ, ಕೈ ಸಮ ಬರುವ ತನಕ ಕಾಯಿರಿ.

ಇಂಬಳ, ಅಂದರೆ ಜಿಗಣೆ, ಕಾಟ ಇರುವ ತೋಟದವರು ಮಿಕ್ಕ ಬಟ್ಟೆ ಗಟ್ಟಿ ನೇಯ್ಗೆಯದಾಗಿದ್ದರೆ ಕಾಲಿಗೆ ಹಾಕುವ ಮೊಣಕಾಲುದ್ದದ ಚೀಲವನ್ನೂ ಹೊಲಿದುಕೊಳ್ಳಬಹುದು. ಅದಕ್ಕೆ ಓಡುಹೊಲಿಗೆ ನಡೆಯುವುದಿಲ್ಲ. ಹೊಲಿಗೆ ಸಂದು ಸಿಕ್ಕರೆ ಇಂಬಳ ಬಿಡುತ್ತದೆಯೇ? ಸುತ್ತಲೂ ಒತ್ತೊತ್ತಾಗಿ ಹಿಂಹೊಲಿಗೆ, ಇಂಚಿಗೆ 10ರಂತೆ, ಮೇಲೆ ಲಾಡಿ.